ಸೋಸಿ ಚೆಲ್ಲಿದ ದನಿ

ತುಂಗಭದ್ರೆಯ ದಂಡೆಯಲ್ಲಿ ಒಬ್ಬ ಗುರು ಇದ್ದರು. ಪಂಪಾಪತಿ ಅಂತ ಹೆಸರು.

ಆಶ್ರಮ ಅಂದ ಕೂಡಲೇ ಜಿಂಕೆ ಮರಿ, ಹುಲ್ಲಿನ ಗುಡಿಸಲು ಅಂತೆಲ್ಲ ನೆನೆಸಿಕೊಂಡು ಕೂರಬೇಡಿ. ತಗಡಿನ ಸೂರಿನ ಒಂದು ಕೋಣೆ, ಅಷ್ಟೇ. ಹೊರಗಿನ ಸದ್ದು ಒಳಗೆ ಬರಬಾರದು ಅಂತ ಗೋಡೆಗೆಲ್ಲ ಹಳೇ ಬಟ್ಟೆ ಹೊಲಿದ ಕೌದಿ ಹೊಡೆದಿದ್ದರು. ಒಂದು ಕಂಪ್ಯೂಟರು, ಎರಡು ಸ್ಪೀಕರು, ಒಂದು ಪುಟ್ಟ ಕೀಬೋರ್ಡು.

ಅಲ್ಲಿಗೆ ಬರುವವರು ದನಿಯ ಕೆಲಸ ಕಲಿಯಲು ಬರುತ್ತಿದ್ದರು. ಹಾಡುವುದಲ್ಲ. ದನಿಯನ್ನು ಹಿಡಿಯುವುದು, ತಿದ್ದುವುದು.

ಹಾಗೆ ಬಂದವನು ತಿಪ್ಪೇಶ. ಗಣಪತಿ ಬಿಡುವ ಮೆರವಣಿಗೆಗಳಿಗೆ ಡಿಜೆ ಹಾಕುತ್ತಿದ್ದವನು. ತನ್ನ ಸ್ಪೀಕರಿನ ಬಾಸ್ ಸದ್ದಿಗೆ ಬೀದಿಯ ಕಿಟಕಿ ಗಾಜೆಲ್ಲ ನಡುಗುತ್ತವೆ ಅಂತ ಹೇಳಿಕೊಂಡು ತಿರುಗುತ್ತಿದ್ದ. ಹೌದು, ನಡುಗುತ್ತಿದ್ದವು. ಗಾಜಿಗೆ ಬೇರೆ ದಾರಿ ಏನಿತ್ತು?

ಬಂದವನೇ ಕೈ ಮುಗಿದ.

"ಗುರುಗಳೇ, ಉಳಿದದ್ದೆಲ್ಲ ನನಗೆ ಬರ್ತೈತಿ. ಫಿಲ್ಟರ್ ಒಂದು ಹೇಳಿಕೊಡ್ರಿ ಸಾಕು."

"ಎಲ್ಲಾ ಬರ್ತೈತೇನು?"

"ಬರ್ತೈತಿ."

"ಹಂಗಾದ್ರ ಆ ಅನ್ನು."

"ಆ?"

"ಉದ್ದಕ್ಕ ಅನ್ನಲೇ. ಬಾಯಿ ತೆರೆದು."

ತಿಪ್ಪೇಶ ಬಾಯಿ ತೆರೆದು ಉದ್ದಕ್ಕೆ ಆ ಅಂದ. ಗುರು ಎದ್ದು ಬಂದು ಅಂಗೈಯನ್ನು ಅವನ ಬಾಯಿಗೆ ಫಟ್ ಅಂತ ಒತ್ತಿದರು.

ಅವನು ಬೆಚ್ಚಿಬಿದ್ದ. ದನಿ ಊ ಅಂತ ಒಳಗೇ ಮುದುಡಿತು. ಗುರು ಅಂಗೈಯನ್ನು ಮೆಲ್ಲಗೆ ಸಡಿಲಿಸಿದರು. ದನಿ ಮತ್ತೆ ಆ ಅಂತ ಹೊರಗೆ ಬಂತು.

"ನನ್ನ ಹೊಡೆದ್ರೇನು ಗುರುಗಳೇ?"

"ಇಲ್ಲ. ಫಿಲ್ಟರ್ ಹೇಳಿಕೊಟ್ಟೆ. ನಾಳೆ ಬಾ."

ತಿಪ್ಪೇಶ ಬಾಯಿ ಒರೆಸಿಕೊಳ್ಳುತ್ತಾ ಹೊರಗೆ ಹೋದ. ಈ ಮುದುಕನಿಗೆ ತಲೆ ಸರಿ ಇಲ್ಲ ಅಂದುಕೊಂಡ. ಆದರೂ ಮರುದಿನ ಬಂದ.

ಗೊತ್ತಿಲ್ಲದವರಿಗೆ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ತಲೆ ತಿನ್ನಬೇಡಿ. ಸ್ಯಾಂಪ್ಲರ್ ಅಂತ ಕಂಪ್ಯೂಟರಿನೊಳಗೆ ಒಂದು ಇರುತ್ತದೆ. ಯಾವುದೇ ದನಿ ಹಿಡಿದು ಅದರೊಳಗೆ ಇಟ್ಟರೆ, ಆ ದನಿಯನ್ನು ಕೀಬೋರ್ಡಿನ ಮೇಲೆ ಹಾರ್ಮೋನಿಯಂ ಥರ ನುಡಿಸಬಹುದು. ಬಾಗಿಲು ಕಿರುಗುಟ್ಟಿದ್ದನ್ನು ಇಡಿ, ಬಾಗಿಲಲ್ಲೇ ಸರಿಗಮ ಬರುತ್ತದೆ.

ಫಿಲ್ಟರ್ ಆ ದನಿಯನ್ನು ಸೋಸುವ ಜರಡಿ. ಒಂದು ಬಗೆಯದು ತೀಕ್ಷ್ಣವಾದ ಮೇಲಿನ ಸದ್ದನ್ನು ತಡೆದು ಕೆಳಗಿನ ಗಂಭೀರ ಸದ್ದನ್ನು ಬಿಡುತ್ತದೆ. ಇನ್ನೊಂದು ಬಗೆಯದು ಅದರ ತಿರುಗುಮುರುಗು. ಎಲ್ಲಿಂದ ತಡೆಯಬೇಕು ಅನ್ನುವುದಕ್ಕೆ ಕೀಬೋರ್ಡಿನ ಮೇಲೆ ರೇಡಿಯೋದ ಹಾಗೆ ಒಂದು ಗುಂಡಿ. ತಿರುಗಿಸಿದರೆ ದನಿ ತೆರೆಯುತ್ತದೆ, ಮುಚ್ಚುತ್ತದೆ.

ತಿಪ್ಪೇಶನಿಗೆ ಈ ಗುಂಡಿಯದೇ ಚಿಂತೆ.

"ಎಷ್ಟಕ್ಕ ಇಡಲಿ ಗುರುಗಳೇ?"

"ಏನನ್ನ?"

"ಗುಂಡೀನ. ಒಂದು ನಂಬರ್ ಹೇಳಿಬಿಡ್ರಿ. ಹೆಣ್ಣು ದನಿಗೆ ಎಷ್ಟು, ಗಂಡು ದನಿಗೆ ಎಷ್ಟು, ಡೋಲಿಗೆ ಎಷ್ಟು."

"ನಿಮ್ಮವ್ವ ಸಾರಿಗೆ ಉಪ್ಪು ನಂಬರ್ ನೋಡಿ ಹಾಕ್ತಾಳೇನು?"

"ಅದು ಬ್ಯಾರೆ ಬಿಡ್ರಿ."

"ಹೌದು, ಬ್ಯಾರೆ. ಉಪ್ಪು ಹೆಚ್ಚಾದ್ರ ನಾಲಿಗೀಗೆ ತಿಳೀತೈತಿ."

ಗುರು ಸ್ಟವ್ ಹಚ್ಚಿ ಚಾ ಮಾಡಿದರು. ಸೋಸಿ ಲೋಟಕ್ಕೆ ಹಾಕಿ ಕೊಟ್ಟರು. ತಿಪ್ಪೇಶ ಕುಡಿದ.

"ಹೆಂಗೈತಿ?"

"ಚಲೋ ಐತಿ."

ಸೋಸುವ ಜಾಲರಿಯಲ್ಲಿ ಉಳಿದಿದ್ದ ಚರಟವನ್ನು ಗುರು ಬಸಿಯಲ್ಲಿ ಬಡಿದು ಅವನ ಮುಂದೆ ಇಟ್ಟರು.

"ಈಗ ಇದನ್ನ ತಿನ್ನು."

"ಇದನ್ನಾ? ಥೂ, ಚೆಲ್ಲೋದು ಇದು!"

"ಚೆಲ್ಲೋದಂತ ಯಾರು ಹೇಳಿದ್ರು? ತಿನ್ನಲೇ."

ತಿಪ್ಪೇಶ ಮುಖ ಹಿಂಡಿಕೊಂಡು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಅಗಿದ. ಅಗಿಯುತ್ತಾ ನಿಂತುಬಿಟ್ಟ.

"ಶುಂಠಿ ಐತಿ. ಮತ್ತೆ... ತುಳಸಿ?"

"ನೀ ಕುಡಿಯುವಾಗ ಗೊತ್ತಾತೇನು?"

"ಇಲ್ಲ."

"ಇಷ್ಟೇ ಪಾಠ. ಏನು ಸೋಸಿದರೂ ಚೆಲ್ಲೋ ಮುಂಚೆ ಚರಟಾನ ಬಾಯಿಗೆ ಹಾಕ್ಕೋಬೇಕು. ದನೀನೂ ಹಂಗ. ಮ್ಯಾಲಿನ ಸದ್ದು ತಡೆದೆ ಅಂತ ಇಟ್ಕೋ. ಕೂಡಲೇ ಜರಡಿ ತಿರುಗುಮುರುಗು ಮಾಡು. ಉಳಿದದ್ದು ಬಿಟ್ಟು, ಹೋದದ್ದನ್ನಷ್ಟೇ ಕೇಳು. ಅದರಾಗ ಯಾರೂ ಇಲ್ಲ ಅಂತ ಗ್ಯಾರಂಟಿ ಆದ ಮ್ಯಾಲೆ ಚೆಲ್ಲು. ಇದು ಈ ಕೋಣೆಯ ನೇಮ."

"ಯಾರೂ ಇಲ್ಲ ಅಂದ್ರ?"

"ಕೇಳಿದಾಗ ತಿಳೀತೈತಿ."

ತಿಪ್ಪೇಶ ಸ್ವಲ್ಪ ಕಾಲ ನೇಮ ಹಿಡಿದ. ಬಾಗಿಲ ಸದ್ದು ಸೋಸಿದ, ಹೋದದ್ದನ್ನು ಕೇಳಿದ. ಮಡಕೆ ಬಡಿದ ಸದ್ದು ಸೋಸಿದ, ಹೋದದ್ದನ್ನು ಕೇಳಿದ. ಒಂದೊಂದಕ್ಕೂ ಎರಡೆರಡು ಪಟ್ಟು ಹೊತ್ತು. ಬೇಜಾರು ಬಂತು. ಬಾರದೆ ಏನು, ವಯಸ್ಸು ಹಾಗಿತ್ತು.

ಅಷ್ಟರಲ್ಲಿ ಕೆಂಚವ್ವನ ಕೆಲಸ ಬಂತು.

ಕೆಂಚವ್ವ ಆ ದಂಡೆಯ ಹಾಡುಗಾರ್ತಿ. ಹುಣ್ಣಿಮೆ ಹುಣ್ಣಿಮೆಗೆ ಹೊಳೆ ಮಂಟಪದಲ್ಲಿ ಭಜನೆ ಆಗುತ್ತದೆ. ಮೊದಲ ಹಾಡು ಕೆಂಚವ್ವನದೇ. ಹಾರ್ಮೋನಿಯಂನ ನಾಲ್ಕನೇ ಕರಿ ಮನೆ, ಆ ಕರಿ ನಾಲ್ಕರ ಶ್ರುತಿಗೆ ದನಿ ಎತ್ತಿದಳೆಂದರೆ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರು ಕೈ ನಿಲ್ಲಿಸುತ್ತಿದ್ದರು.

ಅವಳಿಗೆ ಗಂಟಲಲ್ಲಿ ಗಡ್ಡೆ ಆಯಿತು. ದನಿಪೆಟ್ಟಿಗೆ ತೆಗೆಯಲೇಬೇಕು, ಇಲ್ಲವಾದರೆ ಜೀವ ಉಳಿಯುವುದಿಲ್ಲ ಅಂದರು ಡಾಕ್ಟರು. ತೆಗೆದ ಮೇಲೆ ಕತ್ತಿನಲ್ಲಿ ಮಾಡಿದ ತೂತಿನಿಂದಲೇ ಉಸಿರಾಟ. ಬಾಯಿ ಆಡುತ್ತದೆ, ದನಿ ಬರುವುದಿಲ್ಲ.

ಆಪರೇಷನ್‌ಗೆ ಹೋಗುವ ಮುಂಚೆ ಗುರು ಅವಳನ್ನು ಕೋಣೆಗೆ ಕರೆಸಿದ್ದರು. ಒಂದೊಂದು ಸ್ವರಕ್ಕೂ ಆ ಅನ್ನಿಸಿ ದನಿ ಹಿಡಿದಿದ್ದರು. ಮುಗಿದ ಮೇಲೆ ಕೆಂಚವ್ವ ಒಂದು ಮಾತು ಕೇಳಿದ್ದಳು.

"ಗುರುಗಳೇ, ಇದನ್ನ ಮಶಿನ್ನಿನಾಗ ಹಾಕಿ ನುಡಿಸ್ರಿ, ಬ್ಯಾಡ ಅನ್ನಂಗಿಲ್ಲ. ಆದರ ನನ್ನ ದನಿ ಅಂತ ನನಗ ಗುರ್ತು ಹತ್ತಬೇಕು. ಹತ್ತಲಿಲ್ಲ ಅಂದ್ರ ಅಳಿಸಿಬಿಡ್ರಿ. ನಾನು ಕೂತಿರುವಾಗ ನನ್ನ ಹೆಸರಿನ್ಯಾಗ ಇನ್ನೊಬ್ಬಾಕಿ ಹಾಡೋದು ಬ್ಯಾಡ."

ಗುರು ಅವಳನ್ನು ಹೊಳೆಗೆ ಕರೆದುಕೊಂಡು ಹೋಗಿ, ನೀರು ಮುಟ್ಟಿ, ಮಾತು ಕೊಟ್ಟರು. ಆ ಕಡೆಯ ಜನ ಹೊಳೆ ನೀರು ಮುಟ್ಟಿ ಕೊಟ್ಟ ಮಾತು ಮುರಿಯುವುದಿಲ್ಲ.

ಆಪರೇಷನ್ ಆಯಿತು. ಜೀವ ಉಳಿಯಿತು. ಕೆಂಚವ್ವ ಮೂಲೆ ಸೇರಿದಳು.

ಅವಳ ಮಗಳು ಹೊನ್ನಮ್ಮ ಒಂದು ದಿನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಕಣ್ಣು ಕೆಂಪಾಗಿದ್ದವು.

"ಅವ್ವ ಊಟ ಸೈತ ಸರಿ ಮಾಡಂಗಿಲ್ರಿ ಗುರುಗಳೇ. ಗ್ವಾಡಿ ಕಡೆ ಮುಖ ಮಾಡಿ ಮಲಗ್ತಾಳೆ. ಹೊರಗ ಬಾ ಅಂದ್ರ ಇಲ್ಲ. ಮಂಟಪಕ್ಕ ಬಾ ಅಂದ್ರ ಇಲ್ಲ. ನಂಗ ಹಾಡು ಬ್ಯಾಡ್ರಿ. ಅವ್ವಾ ಅಂತ ನನ್ನ ಕರೀತಿದ್ದಳು ನೋಡ್ರಿ, ಮಗಳಿಗೇ ಅವ್ವಾ ಅಂತಿದ್ದಳು, ಅದೊಂದು ಕೇಳಿದ್ರ ಸಾಕ್ರಿ."

"ಆಕೀನ ಒಂದು ಸಲ ಇಲ್ಲಿಗೆ ಕರ್ಕೊಂಡು ಬಾ. ದನಿ ತಯಾರು ಮಾಡಿ ಇಟ್ಟಿರ್ತೀವಿ."

"ಒಂದೇ ಸಲ ಬರ್ತಾಳಂತ್ರಿ. ತನ್ನದಲ್ಲ ಅನ್ನಿಸಿದ್ರ ಮತ್ತೆಂದೂ ಬರಂಗಿಲ್ಲಂತ. ಕೈ ಮಾಡಿ ಹೇಳ್ಯಾಳೆ."

ಗುರು ಕೆಲಸವನ್ನು ತಿಪ್ಪೇಶನಿಗೆ ಒಪ್ಪಿಸಿದರು.

"ನನಗಾ?" ತಿಪ್ಪೇಶ ಹೌಹಾರಿದ. "ನೀವೇ ಮಾಡ್ರಿ ಗುರುಗಳೇ!"

"ನನ್ನ ಕಿವಿಗೆ ಮ್ಯಾಲಿನ ಸದ್ದು ಈಗ ಪೂರ್ತಿ ಕೇಳಂಗಿಲ್ಲ. ವಯಸ್ಸಾತು. ನಿನ್ನ ಕಿವಿ ಬೇಕು."

ಅದು ನಿಜ. ಗುರುವಿನ ಮುಂದೆ ಗುಬ್ಬಿ ಕೂಗಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ತಿಪ್ಪೇಶ ಕೆಂಚವ್ವನ ದನಿಯನ್ನು ಸ್ಯಾಂಪ್ಲರಿಗೆ ಹಾಕಿದ. ಕೇಳಿದರೆ ಕೆಳಗಡೆ ಗುಂಯ್ ಅನ್ನುವ ಸದ್ದು. ಪಕ್ಕದ ಹೊಲದ ನೀರಿನ ಪಂಪು ದನಿ ಹಿಡಿದ ದಿನ ಓಡುತ್ತಿತ್ತು. ಕೆಳಗಿನ ಸದ್ದನ್ನು ತಡೆದ. ಜರಡಿ ತಿರುಗುಮುರುಗು ಮಾಡಿ ಹೋದದ್ದನ್ನು ಕೇಳಿದ. ಪಂಪು, ಬರೀ ಪಂಪು. ಚೆಲ್ಲಿದ. ಇಲ್ಲಿಯ ತನಕ ಸರಿ.

ಆಮೇಲೆ ಮೇಲುಗಡೆ ಏನೋ ಸರಸರ ಅನ್ನುತ್ತಿತ್ತು. ದನಿಯಲ್ಲಿ ಒಂದು ಗೊಗ್ಗರು. ಹಾಡುವ ಮುಂಚೆ ಹಾ ಅಂತ ಎಳೆದುಕೊಂಡ ಉಸಿರು. ಇದೆಲ್ಲ ಅವನಿಗೆ ಹಿಡಿಸಲಿಲ್ಲ. ಡಿಜೆ ಕಿವಿ, ಅದಕ್ಕೆ ಎಲ್ಲಾ ನುಣ್ಣಗೆ ಬೇಕು. ಗುಂಡಿ ತಿರುಗಿಸಿ ಮೇಲಿನದನ್ನು ತಡೆದ. ಇನ್ನಷ್ಟು ತಡೆದ. ದನಿ ಬೆಣ್ಣೆಯಂತಾಯಿತು.

"ಆಹಾ!" ಅಂದ ತನಗೆ ತಾನೇ.

ಜರಡಿ ತಿರುಗುಮುರುಗು ಮಾಡಿ ಹೋದದ್ದನ್ನು ಕೇಳಬೇಕಿತ್ತು. ಸರಸರದಲ್ಲಿ ಕೇಳುವುದೇನಿದೆ ಅಂದುಕೊಂಡ. ಬಿಟ್ಟ.

ಗುರು ಬಂದು ಕೇಳಿದರು. ತಲೆದೂಗಿದರು.

"ಕೆಳಗಿಂದು ಹಸನಾಗೇತಿ. ಮ್ಯಾಲಿಂದು ನನಗೆ ಹತ್ತಂಗಿಲ್ಲ. ಸೋಸಿದ್ದನ್ನ ಕೇಳೀಯೇನು?"

"ಹೂಂ ಗುರುಗಳೇ, ಕೇಳೀನಿ."

"ಯಾರೂ ಇಲ್ಲಲ್ಲ?"

"ಯಾರೂ ಇಲ್ಲ."

ಎಷ್ಟು ಸಲೀಸಾಗಿ ಬಂತು ನೋಡಿ ಸುಳ್ಳು! ಗುರು ನಂಬಿದರು.

ಮಾರನೆಯ ಬೆಳಿಗ್ಗೆ ಕೆಂಚವ್ವ ಬಂದಳು. ಕತ್ತಿಗೆ ಬಿಳೀ ಬಟ್ಟೆ ಸುತ್ತಿತ್ತು. ಹೊನ್ನಮ್ಮ ತೋಳು ಹಿಡಿದು ಒಳಗೆ ತಂದು ಕೂರಿಸಿದಳು. ಸೆರಗು ಹೊದ್ದು, ಕಣ್ಣು ಕೆಳಗೆ ಹಾಕಿ, ಕೆಂಚವ್ವ ಪರೀಕ್ಷೆಗೆ ಬಂದವಳಂತೆ ಕೂತಳು.

"ನುಡಿಸು," ಅಂದರು ಗುರು.

ತಿಪ್ಪೇಶ ಕರಿ ನಾಲ್ಕರ ಮೇಲೆ ಬೆರಳಿಟ್ಟ. ಸ್ಪೀಕರಿನಿಂದ ದನಿ ಬಂತು. ನುಣ್ಣನೆಯ, ದುಂಡನೆಯ, ಎಲ್ಲೂ ಒಂದು ಕಲೆ ಇಲ್ಲದ ದನಿ. ಅವನು ಮೇಲೆ ಹೋದ, ಕೆಳಗೆ ಬಂದ, ಸ್ವರದಿಂದ ಸ್ವರಕ್ಕೆ ಜಾರಿದ. ಹೊಳೆಯಲ್ಲಿ ದೋಣಿ ಹೋದ ಹಾಗೆ ಇತ್ತು.

ಕೆಂಚವ್ವ ಕಣ್ಣೆತ್ತಿ ಸ್ಪೀಕರಿನತ್ತ ನೋಡಿದಳು. ಪೂರ್ತಿ ಕೇಳಿದಳು. ಹಾಡುಗಾರರು ಇನ್ನೊಬ್ಬ ಹಾಡುಗಾರರಿಗೆ ಮಾಡುವಂತೆ ಎರಡೂ ಕೈ ಜೋಡಿಸಿ ಸ್ಪೀಕರಿಗೆ ನಮಸ್ಕಾರ ಮಾಡಿದಳು.

ತಿಪ್ಪೇಶನ ಮುಖ ಅರಳಿತು.

ಕೆಂಚವ್ವ ಮಗಳ ಕಡೆ ತಿರುಗಿ, ಕೈಯನ್ನು ಮಣಿಕಟ್ಟಿನ ಮೇಲೆ ತಿರುವಿದಳು. ತುಟಿ ಆಡಿಸಿದಳು. ಹೊನ್ನಮ್ಮನ ಮುಖ ಬಿಳಿಚಿಕೊಂಡಿತು.

"ಏನಂತಾರೆ?" ಕೇಳಿದ ತಿಪ್ಪೇಶ.

ಹೊನ್ನಮ್ಮ ತಾಯಿಯ ಕೈಯನ್ನು ಹಿಡಿದುಕೊಂಡಳು.

"ಏನಂತಾರೆ ಅಕ್ಕಾರೆ?"

"ಈಕಿ ಯಾರು, ಬಾಳ ಚಂದ ಹಾಡ್ತಾಳ, ಅಂತ ಕೇಳಾಕತ್ತಾಳೆ."

ಸಿಡಿಲು ಹೊಡೆದರೂ ತಿಪ್ಪೇಶ ಹಾಗೆ ಕೂರುತ್ತಿರಲಿಲ್ಲ. ಕೈ ಕೀಬೋರ್ಡಿನ ಮೇಲೆಯೇ ಇತ್ತು. ಆ ದನಿ ಇನ್ನೂ ಬರುತ್ತಲೇ ಇತ್ತು. ಹೊನ್ನಮ್ಮ ಅವನ ಕೈಯನ್ನು ಎತ್ತಿ ಪಕ್ಕಕ್ಕೆ ಇಟ್ಟಳು, ಆಗ ನಿಂತಿತು.

"ಅಮ್ಮಾರೆ, ಅದು ನಿಮ್ಮದೇ ದನಿ," ಅಂದ.

ಕೆಂಚವ್ವ ಅವನನ್ನು ನೋಡಿದಳು. ಸ್ಪೀಕರನ್ನು ನೋಡಿದಳು. ನಿಧಾನಕ್ಕೆ ತಲೆ ಅಲ್ಲಾಡಿಸಿದಳು. ಅಲ್ಲ. ಸಿಟ್ಟಿಲ್ಲ, ಅಳು ಇಲ್ಲ. ಸಂತೆಯಲ್ಲಿ ಯಾರೋ ತಪ್ಪು ತಿಳಿದು ಮಾತಾಡಿಸಿದರೆ ಅಲ್ಲ ಅನ್ನುತ್ತೀವಲ್ಲ, ಹಾಗೆ.

ನನಗೆ ಈ ಕಥೆ ಹೇಳುವಾಗೆಲ್ಲ ಇಲ್ಲಿ ಮೈ ಜುಮ್ ಅನ್ನುತ್ತದೆ. ತನ್ನದೇ ದನಿಗೆ ಅಪರಿಚಿತಳ ಹಾಗೆ ಕೈ ಮುಗಿದವಳ ಕಥೆಯನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ಅವಳು ಸೆರಗು ಸರಿ ಮಾಡಿಕೊಂಡು ಏಳಲು ಹೋದಳು.

ಗುರು ಕಣ್ಣು ಮುಚ್ಚಿದರು. ತೆರೆದರು.

"ತಿಪ್ಪೇಶ. ಅಳಿಸು."

"ಏನು?"

"ಎಲ್ಲಾ ಅಳಿಸು. ಮೂಲ ಹಿಡಿದದ್ದೂ ಅಳಿಸು."

"ಗುರುಗಳೇ! ಇದು ಬಿಟ್ಟರೆ ಜಗತ್ತಿನ್ಯಾಗ ಅವರ ದನಿ ಎಲ್ಲೂ ಇಲ್ಲ! ಮತ್ತೆ ಹಿಡೀತೀನಿ ಅಂದ್ರೂ ಹಿಡಿಯಾಕ ಬರಂಗಿಲ್ಲ!"

"ಹೊಳಿ ನೀರು ಮುಟ್ಟಿ ಮಾತು ಕೊಟ್ಟೀನಿ."

"ಇನ್ನೊಂದಿಷ್ಟು ತಿದ್ದತೀನಿ, ಒಂದಿನ ಕೊಡ್ರಿ!"

"ಆಕಿ ಒಂದೇ ಸಲ ಬರ್ತೀನಿ ಅಂದಿದ್ದಳು. ಬಂದಳು. ಕೇಳಿದಳು. ಅಲ್ಲ ಅಂದಳು. ಅಳಿಸು."

ಹೊನ್ನಮ್ಮ ಗೋಡೆಯ ಕೌದಿಗೆ ಮುಖ ಒತ್ತಿ ನಿಂತಿದ್ದಳು.

ತಿಪ್ಪೇಶ ದನಿಗಳನ್ನೆಲ್ಲ ಒಟ್ಟಿಗೆ ಗುರುತು ಮಾಡಿದ. ಅಳಿಸಲೇ ಅಂತ ಕಂಪ್ಯೂಟರು ಕೇಳಿತು. ಅವನ ಬೆರಳು ಮೌಸಿನ ಮೇಲೆಯೇ ನಿಂತಿತು. ಬೀದಿ ಗಾಜು ನಡುಗಿಸಿದವನ ಬೆರಳು.

ಒತ್ತಲಾರದೆ ಹಿಂದಿರುಗಿ ನೋಡಿದ. ಕಣ್ಣಲ್ಲಿ ನೀರು.

"ಯಾಕ ನಿಂತೆ?" ಅಂದರು ಗುರು.

"ಗುರುಗಳೇ, ಚೆಲ್ಲೋ ಮುಂಚೆ ಚರಟ ಬಾಯಿಗೆ ಹಾಕ್ಕೋಬೇಕು ಅಂದಿದ್ರಿ."

"ಹೌದು."

"ನಾ ಹಾಕ್ಕೊಂಡಿಲ್ಲ."

"ಕೇಳೀನಿ ಅಂದೆಲ್ಲಲೇ!"

"ಸುಳ್ಳು ಹೇಳಿದೆ."

ಗುರು ಎದ್ದು ನಿಂತುಬಿಟ್ಟರು. ಅವರ ಕೈ ಮೇಲಕ್ಕೆ ಹೋದದ್ದು ಅಲ್ಲೇ ನಿಂತಿತು. ಶಿಷ್ಯನ ಸುಳ್ಳಿಗೆ ಗುರುವೂ ಹೀಗೆ ದಂಗಾಗುತ್ತಾನೆ ಅಂತ ಯಾವ ಕಥೆಯಲ್ಲೂ ಹೇಳುವುದಿಲ್ಲ. ನಾನು ಹೇಳುತ್ತಿದ್ದೇನೆ.

ಕೈ ಇಳಿಸಿ ಕೂತರು.

"ಈಗ ಕೇಳು. ನೇಮ ಮುಗಿಸಿ ಆಮ್ಯಾಲೆ ಅಳಿಸು."

ತಿಪ್ಪೇಶ ಅಳಿಸುವ ಪ್ರಶ್ನೆಗೆ ಬೇಡ ಅಂತ ಒತ್ತಿದ. ಮೇಲಿನ ಜರಡಿಯನ್ನು ತಿರುಗುಮುರುಗು ಮಾಡಿದ. ಗುಂಡಿಯನ್ನು ಮುಟ್ಟಲಿಲ್ಲ, ಇದ್ದಲ್ಲೇ ಬಿಟ್ಟ. ಈಗ ಬೆಣ್ಣೆಯಂಥ ದನಿ ಬರುವುದಿಲ್ಲ. ಅವನು ಸೋಸಿ ಚೆಲ್ಲಿದ್ದು ಮಾತ್ರ ಬರುತ್ತದೆ.

ಕರಿ ನಾಲ್ಕನ್ನು ಒತ್ತಿದ.

ಹಾ.

ಉಸಿರು. ಹಾಡುವ ಮುಂಚೆ ಬಾಯಿಂದ ಎಳೆದುಕೊಂಡ ಉಸಿರು. ಅದರ ಹಿಂದೆಯೇ ತೆಳ್ಳಗೆ, ಒರಟಾಗಿ, ಹಳೇ ಸೀರೆ ಹರಿದ ಹಾಗೆ ಒಂದು ಗೊಗ್ಗರು. ನಾಲಿಗೆ ಅಂಗುಳಕ್ಕೆ ತಾಗಿದ ಚಿಕ್ಕ ಸದ್ದು. ಮೂಗಿನಲ್ಲಿ ಒಂಚೂರು ನಗು.

ಬಾಗಿಲ ತನಕ ಹೋಗಿದ್ದ ಕೆಂಚವ್ವ ಗಕ್ಕನೆ ನಿಂತಳು.

ಅವಳ ಕೈ ಮೊದಲು ಕತ್ತಿನ ಬಟ್ಟೆಗೆ ಹೋಯಿತು. ಅಲ್ಲಿಂದ ಬಾಯಿಗೆ ಹೋಯಿತು. ತನ್ನ ತುಟಿಯನ್ನು ತಾನೇ ಮುಟ್ಟಿ ಮುಟ್ಟಿ ನೋಡಿಕೊಂಡಳು, ಅಲ್ಲಿಂದ ಉಸಿರು ಬಂತೇನೋ ಅಂತ.

ತಿಪ್ಪೇಶ ಇನ್ನೊಂದು ಸ್ವರ ಒತ್ತಿದ. ಮತ್ತೆ ಹಾ.

ಕೆಂಚವ್ವ ಎದೆಗೆ ಅಂಗೈ ಬಡಿದುಕೊಂಡಳು. ಬಡಿದುಕೊಂಡಳು. ಮತ್ತೆ ಬಡಿದುಕೊಂಡಳು.

"ನಂದು ಅಂತಾಳೆ!" ಹೊನ್ನಮ್ಮ ಕಿರುಚಿದಳು. "ನಂದು, ನಂದು ಅಂತಾಳೆ! ಅವ್ವನ ಉಸಿರು ಅದು! ಆಕಿ ಪಕ್ಕದಾಗ ಮಲಗಿ ಬೆಳೆದಾಕಿ ನಾ, ನಂಗ ಗೊತ್ತಿಲ್ಲೇನು! ಎಲ್ಲಿ ಇಟ್ಟಿದ್ದಿ ತಮ್ಮಾ ಇದನ್ನ? ಇಷ್ಟೊತ್ತು ಎಲ್ಲಿ ಮುಚ್ಚಿಟ್ಟಿದ್ದಿ?"

ತಿಪ್ಪೇಶನೂ ಅಳುತ್ತಿದ್ದ.

ಗುರುವಿನ ಮುಖದಲ್ಲಿ ಗಾಬರಿ. ಮುಂದಕ್ಕೆ ಬಾಗಿ ಕಿವಿಗೆ ಕೈ ಒಡ್ಡಿದರು.

"ಏನಾತು? ನನಗೇನೂ ಕೇಳಲಿಲ್ಲಲ್ಲೋ. ಯಾರರ ಇದ್ದಾರೇನು ಅದರಾಗ?"

"ಇದ್ದಾರೆ ಗುರುಗಳೇ," ಅಂದ ತಿಪ್ಪೇಶ. "ಅವರೇ ಇದ್ದಾರೆ."

ಕೆಂಚವ್ವ ತಾನಾಗಿಯೇ ಬಂದು ಕೀಬೋರ್ಡಿನ ಪಕ್ಕ ಕೂತಳು. ಈ ಸಲ ಯಾರೂ ತೋಳು ಹಿಡಿಯಲಿಲ್ಲ.

ತಿಪ್ಪೇಶ ಮೂಗು ಒರೆಸಿಕೊಂಡ.

"ಹಂಗಾದ್ರ ಫಿಲ್ಟರೇ ಬ್ಯಾಡ. ಎಲ್ಲಾ ತೆಗೆದುಬಿಡ್ತೀನಿ."

"ಆ ಪಂಪು ಆಕೀದೇನು?" ಕೇಳಿದರು ಗುರು.

"ಅಲ್ಲ."

"ಮತ್ತೆ ಅದನ್ನ ಯಾಕ ತಲಿ ಮ್ಯಾಲೆ ಹೊರಸ್ತೀಯ?"

"ಸರಿ, ಪಂಪು ಸೋಸಿದ್ದು ಇರ್ಲಿ. ಮ್ಯಾಲಿಂದು ಮತ್ತ ಮೊದಲಿನಂಗ ಮಾಡಿ ತೆರೀತೀನಿ. ಎಷ್ಟಕ್ಕ ತೆರೀಲಿ ಗುರುಗಳೇ? ಈಗರ ಒಂದು ನಂಬರ್ ಹೇಳ್ರಿ, ನಿಮ್ಮ ಕಾಲಿಗೆ ಬೀಳ್ತೀನಿ, ಮತ್ತೆ ತಪ್ಪು ಮಾಡೋ ಧೈರ್ಯ ನನಗಿಲ್ಲ."

ಗುರು ತಮ್ಮ ಕಿವಿ ಮುಟ್ಟಿ ತೋರಿಸಿ ಕೈ ಆಡಿಸಿದರು.

ತಿಪ್ಪೇಶ ಮೇಲಿನ ಜರಡಿಯನ್ನು ಮೊದಲಿನ ಬಗೆಗೆ ತಂದು, ಗುಂಡಿಯನ್ನು ಕೊನೆಯ ತನಕ ತೆರೆದ. ಒತ್ತಿದ. ಉಸಿರು, ಗೊಗ್ಗರು, ದನಿ ಎಲ್ಲಾ ಕೂಡಿ ಕೆಂಚವ್ವ ಆ ಅಂದಳು. ಕೋಣೆ ತುಂಬಿತು. ಪಕ್ಕದಲ್ಲಿ ಕೂತ ಕೆಂಚವ್ವ ಸದ್ದಿಲ್ಲದೆ ನಕ್ಕಳು. ಹೊಟ್ಟೆ ಕುಲುಕಿತು, ಹಲ್ಲು ಕಂಡಿತು, ಸದ್ದು ಮಾತ್ರ ಇಲ್ಲ.

"ಈ ಗುಂಡಿ ನೋಡ್ರಿ ಅಮ್ಮಾರೆ," ಅಂದ ತಿಪ್ಪೇಶ. "ಇದನ್ನ ತಿರುಗಿಸಿದ್ರ ದನಿ ತೆರೀತೈತಿ, ಮುಚ್ಚತೈತಿ. ನಾ ಇದನ್ನ ಬಾಳ ಮುಚ್ಚಿಬಿಟ್ಟಿದ್ದೆ. ಎಲ್ಲಿಗೆ ಇಟ್ರ ನಿಮಗ ಸರಿ ಅನ್ನಿಸ್ತೈತಿ, ನೀವೇ ತೋರಿಸ್ರಿ. ನಾ ಅಲ್ಲೇ ಗುರ್ತು ಹಾಕ್ಕೋತೀನಿ."

ಎಡಗೈಯಿಂದ ಒಂದು ಸ್ವರವನ್ನು ಒತ್ತಿ ಹಿಡಿದ.

ಕೆಂಚವ್ವ ಹೆದರುತ್ತಾ ಗುಂಡಿಯನ್ನು ಮುಟ್ಟಿದಳು. ತಿರುಗಿಸಿದಳು. ದನಿ ಮ್ ಅಂತ ಒಳಗೆ ಹೋಯಿತು. ಅವಳು ಸುಟ್ಟುಕೊಂಡವಳಂತೆ ಕೈ ಹಿಂದೆಗೆದಳು.

"ಏನೂ ಆಗಂಗಿಲ್ಲ, ತಿರುಗಿಸ್ರಿ."

ಮತ್ತೆ ಮುಟ್ಟಿದಳು. ತೆರೆದಳು, ಆ. ಮುಚ್ಚಿದಳು, ಊ. ತೆರೆದಳು.

ಆಗ ಹೊನ್ನಮ್ಮ ಅದನ್ನು ನೋಡಿದಳು. ಗುಂಡಿ ತೆರೆದಾಗ ಅವ್ವನ ತುಟಿಯೂ ತೆರೆಯುತ್ತಿತ್ತು. ಗುಂಡಿ ಮುಚ್ಚಿದಾಗ ತುಟಿಯೂ ಮುಚ್ಚುತ್ತಿತ್ತು. ಕೈ ಮತ್ತು ಬಾಯಿ ಒಟ್ಟಿಗೆ ಹೋಗುತ್ತಿದ್ದವು. ಹೊನ್ನಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು, ಅಲ್ಲೇ ನೆಲದ ಮೇಲೆ ಕೂತಳು.

ಕೆಂಚವ್ವ ನಿಲ್ಲಿಸಿದಳು. ಏನೋ ಹೊಳೆದವಳಂತೆ ಗುಂಡಿಯನ್ನೇ ದಿಟ್ಟಿಸಿದಳು. ಬೆರಳುಗಳನ್ನು ಸರಿಯಾಗಿ ಕೂರಿಸಿಕೊಂಡಳು. ಮಗಳ ಕಡೆ ನೋಡುತ್ತಾ ಸ್ವಲ್ಪ ತೆರೆದಳು, ಗಪ್ಪನೆ ಮುಚ್ಚಿದಳು, ಪೂರಾ ತೆರೆದಳು.

ಸ್ಪೀಕರಿನಿಂದ ಬಂತು.

"ಅ... ವ್ವಾ."

"ಆಂ ಯವ್ವಾ, ಬಂದೆ!"

ಹೊನ್ನಮ್ಮ ಎದ್ದು ನಿಂತಾಗಿತ್ತು. ಒಳಮನೆಯಿಂದ ಕರೆದರೆ ಓಗೊಟ್ಟು ಏಳುವಂತೆ ಎದ್ದಿದ್ದಳು. ಎದ್ದ ಮೇಲೆ ಅವಳಿಗೆ ಗೊತ್ತಾಯಿತು. ತಾಯಿಯ ಮುಖ, ಸ್ಪೀಕರು, ತಾಯಿಯ ಮುಖ ಅಂತ ನೋಡಿ, ಕಂಬದ ಹಾಗೆ ನಿಂತಳು.

ಕೋಣೆಯಲ್ಲಿ ಕೆಂಚವ್ವನ ಕತ್ತಿನ ಬಟ್ಟೆಯೊಂದೇ ಏರುತ್ತಿತ್ತು, ಇಳಿಯುತ್ತಿತ್ತು.

ಅವಳು ಮತ್ತೆ ಕರೆದಳು. ಈ ಸಲ ಉದ್ದಕ್ಕೆ. ಕೊನೆಯಲ್ಲಿ ಗುಂಡಿಯನ್ನು ಬಹಳ ಮುಚ್ಚಿಬಿಟ್ಟಳು. ದನಿ ಗಂಟಲಲ್ಲೇ ಸಿಕ್ಕಿಕೊಂಡಂತೆ ಮಂಕಾಯಿತು.

ತಿಪ್ಪೇಶನ ಬಲಗೈ ತನಗೆ ತಿಳಿಯದೆಯೇ ಗುಂಡಿಯ ಕಡೆ ಹೋಯಿತು.

"ಅಷ್ಟು ಮುಚ್ಚಬಾರದ್ರಿ ಅಮ್ಮಾರೆ, ಇಲ್ಲಿಗೆ ಇಟ್ರ ಇನ್ನೂ ಚಂದ..."

ಗುರು ಅವನ ಮಣಿಕಟ್ಟನ್ನು ಗಪ್ಪನೆ ಹಿಡಿದರು.

"ಕೈ ತೆಗಿಯಲೇ. ಅದು ಆಕೀ ಬಾಯಿ."